ಕತ್ತಿಗಿಂತ ಮೊದಲು ಕಣ್ಣು

ಮಿದುಳಿನ ಶಸ್ತ್ರಕ್ರಿಯೆ ಎಂದೊಡನೆ ಜನರಿಗೆ ನೆನಪಾಗುವುದು ಶಸ್ತ್ರವೈದ್ಯನ ಕೈಚಳಕ. ಅದು ಸಹಜವೇ. ಆದರೆ ಕೈ ಕೆಲಸ ಆರಂಭಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಸಿಗಬೇಕು: ರೋಗ ಎಲ್ಲಿದೆ? ಹೊಟ್ಟೆಯೊಳಗಿನ ಗಡ್ಡೆಯನ್ನು ವೈದ್ಯ ಬೆರಳಿನಿಂದ ಒತ್ತಿ ಅಂದಾಜು ಮಾಡಬಲ್ಲ. ಎದೆಗೆ ಕಿವಿಗೊಟ್ಟು ಆಲಿಸಬಲ್ಲ. ತಲೆಬುರುಡೆ ಮಾತ್ರ ಸುತ್ತಲೂ ಮುಚ್ಚಿದ ಪೆಟ್ಟಿಗೆ. ಒಳಗಿರುವುದನ್ನು ಮುಟ್ಟುವಂತಿಲ್ಲ, ಬಡಿದು ಕೇಳುವಂತಿಲ್ಲ. ಎಲ್ಲೆಂದರಲ್ಲಿ ತೆರೆದು ಹುಡುಕುವಂತೆಯೂ ಇಲ್ಲ. ಈ ಪೆಟ್ಟಿಗೆಯನ್ನು ತೆರೆಯದೆಯೇ ಒಳಗಿನ ರಕ್ತನಾಳಗಳನ್ನು ನೋಡಲು ಮನುಷ್ಯ ಕಲಿತದ್ದು ಇಪ್ಪತ್ತನೆಯ ಶತಮಾನದಲ್ಲಿ. ಆ ಕಲಿಕೆಯ ಕಥೆಯನ್ನು ಒಂದೇ ಒಂದು ಕಾಯಿಲೆಯ ಮೂಲಕ ಹೇಳುವುದು ಈ ಉಪನ್ಯಾಸದ ಉದ್ದೇಶ. ಕಾಯಿಲೆಯ ಹೆಸರು ಅನ್ಯೂರಿಸಂ.

ಅನ್ಯೂರಿಸಂ ಎಂದರೆ ಧಮನಿಯ ಗೋಡೆಯಲ್ಲಿ ಎದ್ದ ಉಬ್ಬು. ಹಳೆಯ ಸೈಕಲ್ ಟ್ಯೂಬಿಗೆ ಗಾಳಿ ಹೊಡೆದಾಗ ರಬ್ಬರು ಸವೆದ ಜಾಗ ಮಾತ್ರ ಗುಳ್ಳೆಯಂತೆ ಹೊರಗೆ ಬರುವುದನ್ನು ಎಲ್ಲರೂ ನೋಡಿದ್ದೇವೆ. ಧಮನಿಯಲ್ಲಿ ಆಗುವುದೂ ಇಂಥದೇ. ಕುತ್ತಿಗೆಯ ಮುಂಭಾಗದಲ್ಲಿ ಎರಡು, ಹಿಂಭಾಗದಲ್ಲಿ ಎರಡು, ಹೀಗೆ ನಾಲ್ಕು ಧಮನಿಗಳು ಮೇಲೇರಿ ಮಿದುಳಿನ ಬುಡದಲ್ಲಿ ಒಂದಕ್ಕೊಂದು ಕೂಡಿ ಒಂದು ಉಂಗುರವನ್ನು ರಚಿಸುತ್ತವೆ. 1664ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ತನ್ನ ಪುಸ್ತಕದಲ್ಲಿ ಈ ಉಂಗುರವನ್ನು ವಿವರಿಸಿದ. ಆ ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟವರಲ್ಲಿ, ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ಕಟ್ಟಿದ ಕ್ರಿಸ್ಟೋಫರ್ ರೆನ್ ಒಬ್ಬ. ಈ ಉಂಗುರದಿಂದ ಕವಲುಗಳು ಒಡೆಯುವ ಜಾಗಗಳಲ್ಲಿ ರಕ್ತದ ಹೊಡೆತ ಹೆಚ್ಚು, ಗೋಡೆಯ ಬಲ ಕಡಿಮೆ. ಗುಳ್ಳೆಗಳು ಹೆಚ್ಚಾಗಿ ಏಳುವುದು ಅಲ್ಲಿಯೇ. ಕೊಂಬೆಯ ಕವಲಿಗೆ ಅಂಟಿಕೊಂಡ ಕವಳಿಕಾಯಿಯಂತೆ, ಕಿರಿದಾದ ಒಂದು ಕುತ್ತಿಗೆ, ಅದರಾಚೆ ತೆಳ್ಳನೆಯ ಒಂದು ಚೀಲ. ಗಾತ್ರ ಸಾಮಾನ್ಯವಾಗಿ ಕೆಲವೇ ಮಿಲಿಮೀಟರು.

ಹೆಚ್ಚಿನ ಗುಳ್ಳೆಗಳು ಯಾವ ತೊಂದರೆಯನ್ನೂ ಕೊಡದೆ ಮನುಷ್ಯನ ಜೊತೆಗೇ ಬಾಳಿ, ಅವನ ಜೊತೆಗೇ ಮುಗಿದುಹೋಗುತ್ತವೆ. ಕೆಲವು ಮಾತ್ರ ಒಡೆಯುತ್ತವೆ. ಒಡೆದಾಗ ಬರುವ ತಲೆನೋವು ಮೆಲ್ಲಗೆ ಏರುವಂಥದಲ್ಲ. ಸಿಡಿಲು ಬಡಿದಂತೆ, ಒಂದೆರಡು ಕ್ಷಣಗಳಲ್ಲಿ ತನ್ನ ತುದಿಯನ್ನು ಮುಟ್ಟುವಂಥದು. ಕುತ್ತಿಗೆ ಬಿಗಿಯುತ್ತದೆ, ವಾಂತಿಯಾಗುತ್ತದೆ, ಎಷ್ಟೋ ಮಂದಿ ಎಚ್ಚರ ತಪ್ಪುತ್ತಾರೆ. ಮಿದುಳನ್ನು ಸುತ್ತಿರುವ ಪೊರೆಗಳ ನಡುವಿನ ತಿಳಿನೀರಿನಲ್ಲಿ ರಕ್ತ ಹರಡುತ್ತದೆ. ಹೀಗೆ ಒಡೆದವರಲ್ಲಿ ಇಂದಿಗೂ ಸುಮಾರು ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ. ಮೊದಲ ಸ್ರಾವದಿಂದ ಪಾರಾದವರಿಗೂ ನಿಶ್ಚಿಂತೆಯಿಲ್ಲ. ಒಡೆದ ಬಾಯಿಗೆ ಹೆಪ್ಪುಗಟ್ಟಿದ ರಕ್ತ ತಾತ್ಕಾಲಿಕವಾಗಿ ಬಿರಡೆ ಹಾಕಿರುತ್ತದೆ. ಆ ಬಿರಡೆ ಕಳಚಿದರೆ ಎರಡನೆಯ ಸ್ರಾವ. ಅದು ಮೊದಲನೆಯದಕ್ಕಿಂತ ಘೋರ, ಮತ್ತು ಅದರ ಭಯ ಅತಿ ಹೆಚ್ಚಾಗಿರುವುದು ಮೊದಲ ದಿನದಲ್ಲಿಯೇ. ಆದ್ದರಿಂದ ವೈದ್ಯನ ಮುಂದಿರುವ ಕಾಲ ಕಡಿಮೆ. ಹುಡುಕಬೇಕಾದ ವಸ್ತುವೋ ಕಡಲೆಕಾಳಿನಷ್ಟು ಚಿಕ್ಕದು.

ಹಿಂದಿನ ವೈದ್ಯರಿಗೆ ಈ ಗುಳ್ಳೆಯ ಪರಿಚಯ ಇರಲಿಲ್ಲವೆಂದಲ್ಲ. ಇತ್ತು, ಆದರೆ ಅದು ಶವಪರೀಕ್ಷೆಯ ಮೇಜಿನ ಮೇಲೆ ಆದ ಪರಿಚಯ. 1891ರಲ್ಲಿ ಜರ್ಮನಿಯ ಹೈನ್ರಿಶ್ ಕ್ವಿಂಕೆ ಬೆನ್ನುಹುರಿಯ ಸುತ್ತಲಿನ ನೀರನ್ನು ಸೂಜಿಯಿಂದ ತೆಗೆಯುವ ವಿಧಾನವನ್ನು ಪ್ರಕಟಿಸಿದ. ಆ ನೀರು ಕೆಂಪಾಗಿ ಬಂದರೆ ತಲೆಯೊಳಗೆ ರಕ್ತಸ್ರಾವವಾಗಿದೆ ಎಂದು ತಿಳಿಯುವುದು ಸಾಧ್ಯವಾಯಿತು. 1920ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಪ್ರಸಿದ್ಧ ಶಸ್ತ್ರವೈದ್ಯ ಹಾರ್ವೆ ಕುಶಿಂಗನ ಬಳಿ ಕಲಿಯಲು ಹೋಗಿದ್ದ ಇಂಗ್ಲೆಂಡಿನ ಚಾರ್ಲ್ಸ್ ಸೈಮಂಡ್ಸ್, ಗಡ್ಡೆಯೆಂದು ಭಾವಿಸಲಾಗಿದ್ದ ಒಬ್ಬ ರೋಗಿಯಲ್ಲಿ ಇರುವುದು ಅನ್ಯೂರಿಸಂ ಎಂದು ಲಕ್ಷಣಗಳಿಂದಲೇ ಊಹಿಸಿದ. ಮರಣೋತ್ತರ ಪರೀಕ್ಷೆ ಅವನ ಊಹೆಯನ್ನು ನಿಜ ಮಾಡಿತು. ಮುಂದಿನ ಕೆಲವು ವರ್ಷಗಳಲ್ಲಿ ಅವನು ಬರೆದ ಲೇಖನಗಳು ಈ ರೋಗದ ಚಹರೆಯನ್ನು ವೈದ್ಯಲೋಕಕ್ಕೆ ಸ್ಪಷ್ಟಪಡಿಸಿದವು. ಹೀಗೆ ‘ಏನು’ ಎಂಬುದಕ್ಕೆ ಉತ್ತರ ಸಿಕ್ಕಿತು. ‘ಎಲ್ಲಿ’ ಎಂಬುದಕ್ಕೆ ಸಿಗಲಿಲ್ಲ. ಜಾಗ ಗೊತ್ತಿಲ್ಲದೆ ಬುರುಡೆ ತೆರೆಯುವುದೆಂದರೆ ಕತ್ತಲೆ ಕೋಣೆಯಲ್ಲಿ ಹಾವನ್ನು ತಡಕಿದಂತೆ. ಹೀಗಾಗಿ ರೋಗಿಯನ್ನು ಅಲುಗಾಡದೆ ಮಲಗಿಸಿ ಕಾಯುವುದಷ್ಟೇ ಚಿಕಿತ್ಸೆಯಾಗಿತ್ತು.

ಈ ಕಾಯುವಿಕೆಯನ್ನು ಮೊದಲು ಮುರಿದವನು ಸ್ಕಾಟ್ಲೆಂಡಿನ ನಾರ್ಮನ್ ಡಾಟ್. 1931ರ ಏಪ್ರಿಲ್‌ನಲ್ಲಿ ಎಡಿನ್‌ಬರೋದ ಒಬ್ಬ ವಕೀಲರಿಗೆ ಕೆಲವೇ ದಿನಗಳ ಅಂತರದಲ್ಲಿ ಮತ್ತೆ ಮತ್ತೆ ರಕ್ತಸ್ರಾವವಾಯಿತು. ಸುಮ್ಮನಿದ್ದರೆ ಸಾವು ಖಚಿತವೆಂದು ತೋರಿತು. ಡಾಟ್ ಲಕ್ಷಣಗಳನ್ನೇ ಆಧರಿಸಿ ಜಾಗವನ್ನು ಲೆಕ್ಕಹಾಕಿ ಬುರುಡೆ ತೆರೆದ. ಅವನ ಲೆಕ್ಕ ಸರಿಯಾಗಿತ್ತು. ಆದರೆ ಗುಳ್ಳೆ ಕಣ್ಣಿಗೆ ಬೀಳುತ್ತಿದ್ದಂತೆಯೇ ಅದು ಒಡೆದು ರಕ್ತ ಚಿಮ್ಮಿತು. ಸಹಾಯಕ ವೈದ್ಯರು ರೋಗಿಯ ಕಾಲಿನಿಂದ ಹಸಿ ಸ್ನಾಯುವಿನ ತುಂಡೊಂದನ್ನು ತೆಗೆದುಕೊಡುವವರೆಗೆ ಡಾಟ್ ರಕ್ತವನ್ನು ತಡೆದು, ಆ ತುಂಡನ್ನು ಒಡೆದ ಜಾಗದ ಮೇಲೆ ಇಟ್ಟು ಸುಮಾರು ಹನ್ನೆರಡು ನಿಮಿಷ ಒತ್ತಿ ಹಿಡಿದ. ಬಳಿಕ ಇನ್ನಷ್ಟು ಸ್ನಾಯುವನ್ನು ಸುತ್ತಿ ಗುಳ್ಳೆಯನ್ನು ಭದ್ರಪಡಿಸಿದ. ರೋಗಿ ಬದುಕಿದರು. ಮಿದುಳಿನ ಅನ್ಯೂರಿಸಂ ಒಂದನ್ನು ಉದ್ದೇಶಪೂರ್ವಕವಾಗಿ ಹುಡುಕಿ ಮಾಡಿದ ಮೊದಲ ಶಸ್ತ್ರಕ್ರಿಯೆ ಎಂದು ಇದು ದಾಖಲಾಗಿದೆ.

ಆರು ವರ್ಷಗಳ ನಂತರ, 1937ರ ಮಾರ್ಚ್ 23ರಂದು, ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ವಾಲ್ಟರ್ ಡ್ಯಾಂಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಗುಳ್ಳೆಯ ಕುತ್ತಿಗೆಗೆ ಬೆಳ್ಳಿಯ ಪುಟ್ಟ ಕ್ಲಿಪ್ಪೊಂದನ್ನು ಹಾಕಿ, ರಕ್ತ ಅದರೊಳಗೆ ಹೋಗುವ ದಾರಿಯನ್ನೇ ಮುಚ್ಚಿದ. ಜಾಗವನ್ನು ಅವನಿಗೆ ತೋರಿಸಿಕೊಟ್ಟದ್ದು ರೋಗಿಯ ಕಣ್ಣು. ಕಣ್ಣುಗುಡ್ಡೆಯನ್ನು ತಿರುಗಿಸುವ, ರೆಪ್ಪೆಯನ್ನು ಎತ್ತುವ ಮೂರನೆಯ ಕಪಾಲನರ ಒಂದು ನಿರ್ದಿಷ್ಟ ಕವಲಿನ ಪಕ್ಕದಲ್ಲಿಯೇ ಹಾದುಹೋಗುತ್ತದೆ. ಆ ಕವಲಿನಲ್ಲಿ ಗುಳ್ಳೆ ಎದ್ದರೆ ನರ ಅದುಮಿಹೋಗಿ ರೆಪ್ಪೆ ಜೋಲುತ್ತದೆ, ಕಣ್ಣು ಹೊರಕ್ಕೆ ಸರಿಯುತ್ತದೆ. ಈ ರೋಗಿಗೆ ಆದದ್ದು ಅದೇ. ಡಾಟ್ ಆಗಲಿ, ಡ್ಯಾಂಡಿ ಆಗಲಿ ಗುಳ್ಳೆಯ ಚಿತ್ರವನ್ನು ಮೊದಲು ನೋಡಿ ಕತ್ತಿ ಹಿಡಿದವರಲ್ಲ. ಒಬ್ಬನಿಗೆ ಲಕ್ಷಣಗಳು ದಾರಿ ಹೇಳಿದವು, ಇನ್ನೊಬ್ಬನಿಗೆ ಒಂದು ನರ. ಆದರೆ ಬಹುಪಾಲು ಗುಳ್ಳೆಗಳು ಒಡೆಯುವ ಮುನ್ನ ಯಾವ ನರವನ್ನೂ ಅದುಮುವುದಿಲ್ಲ, ಯಾವ ಸುಳಿವನ್ನೂ ಕೊಡುವುದಿಲ್ಲ. ಅಂಥ ರೋಗಿಗಳ ಪಾಲಿಗೆ ಎಷ್ಟೇ ಜಾಣ ವೈದ್ಯನೂ ಕುರುಡನೇ.

ವಿಚಿತ್ರವೆಂದರೆ, ಅಷ್ಟು ಹೊತ್ತಿಗೆ ಯೂರೋಪಿನ ಇನ್ನೊಂದು ಮೂಲೆಯಲ್ಲಿ, ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ, ಆ ಕುರುಡಿಗೆ ಪರಿಹಾರ ದೊರೆತು ಕೆಲವು ವರ್ಷಗಳೇ ಆಗಿದ್ದವು.

1895ರ ನವೆಂಬರ್‌ನಲ್ಲಿ ರಾಂಟ್‌ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದ. ಎರಡೇ ತಿಂಗಳಲ್ಲಿ, 1896ರ ಜನವರಿಯಲ್ಲಿ, ವಿಯೆನ್ನಾದಲ್ಲಿ ಶವದ ಕೈಯೊಂದರ ರಕ್ತನಾಳಗಳಿಗೆ ಸುಣ್ಣದ ಅಂಶವಿರುವ ದ್ರಾವಣವನ್ನು ತುಂಬಿ ಚಿತ್ರ ತೆಗೆದರು. ನಾಳಗಳು ಬಳ್ಳಿಯ ಹಾಗೆ ಹರಡಿಕೊಂಡು ಕಂಡವು. ತತ್ವ ಸರಳ: ರಕ್ತದ ಮೂಲಕ ಕ್ಷ-ಕಿರಣ ಸಲೀಸಾಗಿ ಹಾದುಹೋಗುತ್ತದೆ, ಹಾಗಾಗಿ ನಾಳ ಕಾಣುವುದಿಲ್ಲ, ಕಿರಣವನ್ನು ತಡೆಯುವ ಭಾರವಾದ ವಸ್ತುವನ್ನು ರಕ್ತಕ್ಕೆ ಬೆರೆಸಿದರೆ ನಾಳದ ಆಕಾರ ಫಿಲ್ಮಿನ ಮೇಲೆ ಮೂಡುತ್ತದೆ. ಶವಕ್ಕೆ ಏನನ್ನು ಬೇಕಾದರೂ ತುಂಬಬಹುದು. ಬದುಕಿರುವ ಮನುಷ್ಯನ ಮಿದುಳಿಗೆ ಹೋಗುವ ಧಮನಿಗೆ ಏನನ್ನು ಚುಚ್ಚುವುದು? ಇದಕ್ಕೆ ಉತ್ತರ ಹುಡುಕಲು ಮೂವತ್ತು ವರ್ಷ ಹಿಡಿಯಿತು.

ಹುಡುಕಿದವನು ಲಿಸ್ಬನ್ ವಿಶ್ವವಿದ್ಯಾಲಯದ ನರರೋಗ ಪ್ರಾಧ್ಯಾಪಕ ಎಗಾಸ್ ಮೋನಿಜ್. ಅವನು ಬರಿಯ ವೈದ್ಯನಾಗಿರಲಿಲ್ಲ; ಪೋರ್ಚುಗಲ್ಲಿನ ವಿದೇಶಾಂಗ ಮಂತ್ರಿಯಾಗಿ, ಒಂದನೆಯ ಮಹಾಯುದ್ಧದ ಬಳಿಕ ಪ್ಯಾರಿಸ್ಸಿನ ಶಾಂತಿ ಸಮ್ಮೇಳನಕ್ಕೂ ಹೋಗಿಬಂದಿದ್ದವನು. ರಾಜಕಾರಣ ಬಿಟ್ಟು, ಐವತ್ತು ದಾಟಿದ ಮೇಲೆ ಈ ಸಂಶೋಧನೆಗೆ ಕೈಹಾಕಿದ. ಕೈಹಾಕಿದ ಎಂಬುದೂ ಪೂರ್ತಿ ನಿಜವಲ್ಲ. ಸಂಧಿವಾತದಿಂದ ಅವನ ಬೆರಳುಗಳು ಸೊಟ್ಟಗಾಗಿದ್ದವು. ಸೂಜಿ ಹಿಡಿದು ಚುಚ್ಚುವ ಕೆಲಸ ಮಾಡಿದ್ದು ಅವನ ಕಿರಿಯ ಸಹೋದ್ಯೋಗಿ ಅಲ್ಮೇಡಾ ಲೀಮಾ. ನಾಯಿಗಳ ಮೇಲೆ, ಶವಗಳ ಮೇಲೆ ಪ್ರಯೋಗಗಳಾದವು. ಯಾವ ದ್ರಾವಣ ಎಷ್ಟು ತೀಕ್ಷ್ಣವಾಗಿದ್ದರೆ ಬುರುಡೆಯ ಮೂಳೆಯ ನೆರಳನ್ನೂ ಮೀರಿ ನಾಳ ಕಾಣುತ್ತದೆ ಎಂಬ ಲೆಕ್ಕ ನಡೆಯಿತು.

ಬಳಿಕ ರೋಗಿಗಳ ಸರದಿ. ಮೊದಲು ಬಳಸಿದ್ದು ಸ್ಟ್ರಾನ್ಷಿಯಂ ಬ್ರೋಮೈಡ್. ಚಿತ್ರಗಳು ಸರಿಯಾಗಿ ಮೂಡಲಿಲ್ಲ. ಅದಕ್ಕಿಂತ ದೊಡ್ಡ ಆಘಾತವೆಂದರೆ ಒಬ್ಬ ರೋಗಿ ತೀರಿಕೊಂಡ. ಮೋನಿಜ್ ಪ್ರಯೋಗವನ್ನು ನಿಲ್ಲಿಸಿ, ದ್ರಾವಣವನ್ನು ಬದಲಿಸಿ, ಸೋಡಿಯಂ ಅಯೋಡೈಡನ್ನು ಆರಿಸಿಕೊಂಡ. 1927ರ ಜೂನ್ 28ರಂದು, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆಯಿದ್ದ ಇಪ್ಪತ್ತು ವರ್ಷದ ಯುವಕನೊಬ್ಬನ ಕುತ್ತಿಗೆಯನ್ನು ಕೊಯ್ದು, ಧಮನಿಯನ್ನು ಹೊರತೋರಿಸಿ, ದ್ರಾವಣವನ್ನು ಚುಚ್ಚಿದರು. ಫಿಲ್ಮಿನ ಮೇಲೆ ಮಿದುಳಿನ ಧಮನಿಗಳು ಮೂಡಿದವು. ಗಡ್ಡೆ ಅವುಗಳನ್ನು ಪಕ್ಕಕ್ಕೆ ತಳ್ಳಿದ್ದುದೂ ಕಂಡಿತು. ಮರು ತಿಂಗಳು ಪ್ಯಾರಿಸ್ಸಿನ ನರವಿಜ್ಞಾನಿಗಳ ಸಭೆಯಲ್ಲಿ ಮೋನಿಜ್ ಈ ಚಿತ್ರಗಳನ್ನು ಮುಂದಿಟ್ಟ. 1933ರಲ್ಲಿ ಅವನೇ ಈ ವಿಧಾನದಿಂದ ಬಲಗಡೆಯ ಕೆರೋಟಿಡ್ ಧಮನಿಯ ಮೇಲಿದ್ದ ಅನ್ಯೂರಿಸಂ ಒಂದರ ಚಿತ್ರವನ್ನು ಪ್ರಕಟಿಸಿದ. ಬದುಕಿರುವ ಮನುಷ್ಯನ ಬುರುಡೆಯೊಳಗಿನ ಗುಳ್ಳೆ ಬುರುಡೆ ತೆರೆಯದೆಯೇ ಮನುಷ್ಯನ ಕಣ್ಣಿಗೆ ಬಿತ್ತು. ಈ ವಿಧಾನಕ್ಕೆ ಆಂಜಿಯೋಗ್ರಫಿ ಎಂಬ ಹೆಸರು ನಿಂತಿತು.

ಆದರೂ ಹಲವು ದೇಶಗಳ ಶಸ್ತ್ರವೈದ್ಯರು ಇದನ್ನು ಒಪ್ಪಿಕೊಳ್ಳಲು ಹಿಂದೇಟು ಹಾಕಿದರು. ಅದಕ್ಕೆ ಕಾರಣವೂ ಇತ್ತು. ಚಿತ್ರಕ್ಕಾಗಿಯೇ ಕುತ್ತಿಗೆ ಕೊಯ್ಯಬೇಕು, ದ್ರಾವಣ ಮಿದುಳನ್ನು ಕೆರಳಿಸುತ್ತಿತ್ತು. ಈ ಎರಡನೆಯ ತೊಂದರೆಗೆ ಮೋನಿಜ್ 1931ರಲ್ಲಿ ಕಂಡುಕೊಂಡ ಪರಿಹಾರ ಥೋರೋಟ್ರಾಸ್ಟ್ ಎಂಬ ದ್ರಾವಣ. ನೋವಿಲ್ಲ, ಉರಿಯಿಲ್ಲ, ಚಿತ್ರವೋ ಕನ್ನಡಿಯಂತೆ ಸ್ಪಷ್ಟ. ಹಲವು ದೇಶಗಳಲ್ಲಿ ಅದು ಬಳಕೆಗೆ ಬಂತು. ಅದರಲ್ಲಿದ್ದುದು ಥೋರಿಯಂ, ವಿಕಿರಣ ಸೂಸುವ ಧಾತು. ಒಮ್ಮೆ ದೇಹಕ್ಕೆ ಹೋದದ್ದು ಹೊರಗೆ ಬರುತ್ತಿರಲಿಲ್ಲ. ಪಿತ್ತಕೋಶದ ನೆರೆಯ ಯಕೃತ್ತಿನಲ್ಲಿ, ಗುಲ್ಮದಲ್ಲಿ ಕುಳಿತು ಜೀವಮಾನವಿಡೀ ಕಿರಣ ಸೂಸುತ್ತಿತ್ತು. ಇಪ್ಪತ್ತು ಮೂವತ್ತು ವರ್ಷಗಳ ನಂತರ ಆ ರೋಗಿಗಳಲ್ಲಿ ಯಕೃತ್ತಿನ ಕ್ಯಾನ್ಸರ್ ಕಾಣಿಸಿಕೊಳ್ಳತೊಡಗಿತು. 1950ರ ದಶಕದ ಹೊತ್ತಿಗೆ ಅದರ ಬಳಕೆ ನಿಂತಿತಾದರೂ ಅಷ್ಟರೊಳಗೆ ಅದನ್ನು ಪಡೆದವರ ಸಂಖ್ಯೆ ಲಕ್ಷಗಟ್ಟಲೆಗೆ ಏರಿತ್ತು. ಕಾಣುವ ಆಸೆಗೆ ತೆತ್ತ ಬೆಲೆ ಇದು.

ಮೋನಿಜನ ಕಥೆಯಲ್ಲಿ ಇನ್ನೊಂದು ವಿಪರ್ಯಾಸವಿದೆ. 1949ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂತು. ಬಂದದ್ದು ಆಂಜಿಯೋಗ್ರಫಿಗಲ್ಲ, ಮನೋರೋಗಿಗಳ ಮಿದುಳಿನ ಮುಂಭಾಗದ ತಂತುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆಗೆ. ಆ ಶಸ್ತ್ರಕ್ರಿಯೆ ಮುಂದೆ ಅಪಖ್ಯಾತಿಗೆ ಗುರಿಯಾಗಿ ಕೈಬಿಟ್ಟುಹೋಯಿತು. ಪ್ರಶಸ್ತಿ ಸಿಗದ ಕೆಲಸವೇ ಜಗತ್ತಿನ ಆಸ್ಪತ್ರೆಗಳಲ್ಲಿ ಇಂದಿಗೂ ದಿನನಿತ್ಯ ನಡೆಯುತ್ತಿದೆ.

ಕುತ್ತಿಗೆ ಕೊಯ್ಯುವ ಸಂಕಟವನ್ನು ಕೊನೆಗಾಣಿಸಿದವನು ಸ್ವೀಡನ್ನಿನ ಸ್ವೆನ್ ಸೆಲ್ಡಿಂಗರ್. 1953ರಲ್ಲಿ ಅವನು ಪ್ರಕಟಿಸಿದ ಉಪಾಯ ಹೇಳಿದರೆ ಇಷ್ಟೇನೇ ಎನಿಸುವಂಥದು. ಧಮನಿಗೆ ಸೂಜಿ ಚುಚ್ಚು. ಸೂಜಿಯೊಳಗಿಂದ ಮೆತ್ತನೆಯ ತಂತಿಯೊಂದನ್ನು ಒಳಗೆ ಬಿಡು. ತಂತಿಯನ್ನು ಹಾಗೆಯೇ ಬಿಟ್ಟು ಸೂಜಿಯನ್ನು ಎಳೆದುಬಿಡು. ತಂತಿಯ ಮೇಲೆ ತೆಳುವಾದ ಕೊಳವೆಯನ್ನು ಪೋಣಿಸಿ ಒಳಕ್ಕೆ ಜಾರಿಸು. ಕೊಯ್ತವೇ ಇಲ್ಲ. ತೊಡೆಯ ಸಂದಿನಲ್ಲಿ ಚುಚ್ಚಿದ ಕೊಳವೆಯನ್ನು ಹೊಟ್ಟೆ, ಎದೆಗಳ ಮಹಾಧಮನಿಯ ಮೂಲಕ ಸಾಗಿಸಿ ಕುತ್ತಿಗೆಯ ನಾಲ್ಕೂ ಧಮನಿಗಳನ್ನು ಒಂದೊಂದಾಗಿ ತಲುಪುವುದು ಇದರಿಂದ ಸಾಧ್ಯವಾಯಿತು.

ಇನ್ನೊಂದು ಕಣ್ಣು ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. ಹಿಸ್ ಮಾಸ್ಟರ್ಸ್ ವಾಯ್ಸ್ ಎಂಬ ನಾಯಿ ಗುರುತಿನ ಗ್ರಾಮಫೋನ್ ರೆಕಾರ್ಡುಗಳನ್ನು ತಯಾರಿಸುತ್ತಿದ್ದ ಇ.ಎಂ.ಐ. ಕಂಪೆನಿಯ ಎಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್, ತಲೆಯನ್ನು ಸುತ್ತ ಹಲವು ಕೋನಗಳಿಂದ ಕ್ಷ-ಕಿರಣದಿಂದ ಅಳೆದು, ಆ ಅಳತೆಗಳನ್ನು ಕಂಪ್ಯೂಟರಿಗೆ ಕೊಟ್ಟು, ತಲೆಯ ಅಡ್ಡಸೀಳಿನ ಚಿತ್ರವನ್ನು ಪಡೆಯುವ ಯಂತ್ರ ಕಟ್ಟಿದ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಸಿ.ಟಿ. ಸ್ಕ್ಯಾನ್ ಆಯಿತು. 1979ರಲ್ಲಿ ಅವನಿಗೂ ಅಲನ್ ಕಾರ್ಮ್ಯಾಕ್‌ಗೂ ನೊಬೆಲ್ ಬಂತು. ಅನ್ಯೂರಿಸಂ ಒಡೆದ ರೋಗಿಗಳಿಗೆ ಇದು ದೊಡ್ಡ ವರ. ಹೊಸದಾಗಿ ಸುರಿದ ರಕ್ತ ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುತ್ತದೆ. ಮೊದಲ ಕೆಲವು ಗಂಟೆಗಳಲ್ಲೇ ತೆಗೆದರೆ ತಪ್ಪುವುದು ಬಹಳ ಅಪರೂಪ. ರಕ್ತ ಎಲ್ಲಿ ದಟ್ಟವಾಗಿದೆ ಎಂಬುದು ಗುಳ್ಳೆಯ ದಿಕ್ಕನ್ನೂ ಸೂಚಿಸುತ್ತದೆ.

ಹೀಗೆ ಇಂದು ಶಸ್ತ್ರವೈದ್ಯ ಹಂತ ಹಂತವಾಗಿ ನೋಡುತ್ತಾನೆ. ಮೊದಲು ಸಿ.ಟಿ. ಸ್ಕ್ಯಾನ್: ರಕ್ತಸ್ರಾವ ಆಗಿದೆಯೇ? ಬಳಿಕ ತೋಳಿನ ರಕ್ತನಾಳಕ್ಕೆ ಅಯೋಡಿನ್ ದ್ರಾವಣ ಕೊಟ್ಟು ಅದೇ ಯಂತ್ರದಲ್ಲಿ ಧಮನಿಗಳ ಚಿತ್ರ. ಅದೂ ಸಾಲದಿದ್ದರೆ ಕೊಳವೆ ಹಾಕಿ ಮಾಡುವ ಆಂಜಿಯೋಗ್ರಫಿ. 1980ರ ಆಸುಪಾಸಿನಿಂದ ಕಂಪ್ಯೂಟರು ದ್ರಾವಣ ಕೊಡುವ ಮುಂಚಿನ ಚಿತ್ರವನ್ನು ನಂತರದ ಚಿತ್ರದಿಂದ ಕಳೆಯುತ್ತದೆ. ಎರಡರಲ್ಲೂ ಇರುವ ಮೂಳೆ ಅಳಿಸಿಹೋಗಿ ರಕ್ತನಾಳ ಮಾತ್ರ ಉಳಿಯುತ್ತದೆ. ಯಂತ್ರವೇ ತಲೆಯ ಸುತ್ತ ತಿರುಗಿ ಚಿತ್ರ ತೆಗೆದು, ಗುಳ್ಳೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿದಂತೆ ಪರದೆಯ ಮೇಲೆ ಎಲ್ಲ ಕಡೆಯಿಂದಲೂ ತೋರಿಸುತ್ತದೆ.

ಇಷ್ಟೆಲ್ಲ ಏಕೆ ಬೇಕು? ಗುಳ್ಳೆ ಇದೆ ಎಂದು ತಿಳಿದರೆ ಸಾಲದು. ಅದರ ಕುತ್ತಿಗೆ ಕಿರಿದೋ ಅಗಲವೋ, ತಲೆ ಯಾವ ಕಡೆಗೆ ವಾಲಿದೆ, ಅದರ ಬುಡದಿಂದಲೇ ಮಿದುಳಿಗೆ ಬೇಕಾದ ಕವಲೇನಾದರೂ ಹೊರಟಿದೆಯೇ, ಇವೆಲ್ಲ ತಿಳಿಯಬೇಕು. ಕ್ಲಿಪ್ಪು ಒಂದು ಮಿಲಿಮೀಟರು ಆಚೀಚೆಯಾಗಿ ಆ ಕವಲನ್ನೂ ಹಿಡಿದುಬಿಟ್ಟರೆ ರೋಗಿಯ ಕೈಕಾಲಿನ ಬಲವೋ ಮಾತೋ ಹೋದೀತು. ಇನ್ನೊಂದು ತೊಡಕು, ಸುಮಾರು ಐವರಲ್ಲಿ ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಗುಳ್ಳೆಗಳಿರುತ್ತವೆ. ಒಡೆದದ್ದು ಯಾವುದು? ತಪ್ಪು ಗುಳ್ಳೆಗೆ ಕ್ಲಿಪ್ಪು ಹಾಕಿ ನಿಜವಾದ ಅಪರಾಧಿಯನ್ನು ಬಿಟ್ಟುಬಂದರೆ ಶಸ್ತ್ರಕ್ರಿಯೆ ಯಶಸ್ವಿಯಾಗಿಯೂ ರೋಗಿ ಸಾಯಬಹುದು.

ಕಣ್ಣಿಗಾಗಿ ಮಾಡಿದ ದಾರಿಯೇ ಕೊನೆಗೆ ಕೈಗೂ ದಾರಿಯಾಯಿತು. ಕೊಳವೆ ಗುಳ್ಳೆಯ ಬಾಯಿಯವರೆಗೂ ಹೋಗಬಲ್ಲುದಾದರೆ ಅಲ್ಲಿಂದಲೇ ಅದನ್ನು ಮುಚ್ಚಬಾರದೇಕೆ? ಇಟಲಿಯ ಗೀಡೋ ಗುಗ್ಲಿಯೆಲ್ಮಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ 1990ರಲ್ಲಿ ಪ್ಲಾಟಿನಂ ತಂತಿಯ ಮೃದುವಾದ ಸುರುಳಿಗಳನ್ನು ಕೊಳವೆಯ ಮೂಲಕ ಗುಳ್ಳೆಯೊಳಗೆ ತುಂಬಿ, ಬುರುಡೆ ತೆರೆಯದೆಯೇ ಅದನ್ನು ಮುಚ್ಚಿದ. 2002ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ, ಎರಡೂ ವಿಧಾನಗಳಿಗೆ ಯೋಗ್ಯರೆಂದು ತೋರಿದ 2143 ರೋಗಿಗಳನ್ನು ಹೋಲಿಸಲಾಯಿತು. ಒಂದು ವರ್ಷದ ಬಳಿಕ ಸತ್ತವರು ಅಥವಾ ಪರಾವಲಂಬಿಗಳಾದವರು ಕ್ಲಿಪ್ಪಿನ ಗುಂಪಿನಲ್ಲಿ ನೂರಕ್ಕೆ ಸುಮಾರು 31, ಸುರುಳಿಯ ಗುಂಪಿನಲ್ಲಿ ಸುಮಾರು 24. ಹಾಗೆಂದು ಕತ್ತಿ ಮೂಲೆಗೆ ಸೇರಲಿಲ್ಲ. ಅಗಲ ಕುತ್ತಿಗೆಯ ಎಷ್ಟೋ ಗುಳ್ಳೆಗಳಿಗೆ, ರಕ್ತ ದೊಡ್ಡದಾಗಿ ಹೆಪ್ಪುಗಟ್ಟಿದ ರೋಗಿಗಳಿಗೆ ಇಂದಿಗೂ ತೆರೆದ ಶಸ್ತ್ರಕ್ರಿಯೆಯೇ ಬೇಕಾಗುತ್ತದೆ. ಯಾವುದು ಯಾರಿಗೆ ಎಂದು ತೀರ್ಮಾನಿಸುವುದೂ ಚಿತ್ರವನ್ನು ನೋಡಿಯೇ.

ಇನ್ನು, ಚೆನ್ನಾಗಿ ಕಾಣತೊಡಗಿದ್ದರಿಂದಲೇ ಹುಟ್ಟಿದ ಹೊಸ ಸಂಕಟವೊಂದಿದೆ. ಬೇರೆ ಯಾವುದೋ ಕಾರಣಕ್ಕೆ, ಬಿದ್ದು ಪೆಟ್ಟಾಯಿತೆಂದೋ ತಲೆಸುತ್ತು ಬಂತೆಂದೋ ಸ್ಕ್ಯಾನ್ ಮಾಡಿಸಿದಾಗ, ಒಡೆಯದ ಗುಳ್ಳೆಯೊಂದು ಆಕಸ್ಮಿಕವಾಗಿ ಕಣ್ಣಿಗೆ ಬೀಳುತ್ತದೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರ ತಲೆಯಲ್ಲಿ ಇಂಥ ಗುಳ್ಳೆ ಇದೆ ಎಂಬುದು ಈಗಿನ ಅಂದಾಜು. 1998 ಮತ್ತು 2003ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳು, ಹಿಂದೆ ಸ್ರಾವವಾಗಿಲ್ಲದವರಲ್ಲಿ ಚಿಕ್ಕ ಗುಳ್ಳೆಗಳು ಒಡೆಯುವುದು ತೀರ ಅಪರೂಪವೆಂದು ತೋರಿಸಿವೆ. ಹಾಗಾದರೆ ಇವನ್ನು ಮುಚ್ಚಬೇಕೆ, ಬಿಡಬೇಕೆ? ಮುಚ್ಚುವ ಕೆಲಸದಲ್ಲೂ ಅಪಾಯವಿದೆ, ಬಿಡುವುದರಲ್ಲೂ ಇದೆ. ಗುಳ್ಳೆಯ ಗಾತ್ರ, ಜಾಗ, ರೋಗಿಯ ವಯಸ್ಸು, ರಕ್ತದೊತ್ತಡ, ಧೂಮಪಾನ, ಮನೆಯವರಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂಬ ವಿವರ, ಇವನ್ನೆಲ್ಲ ತೂಗಿ ನೋಡಬೇಕು. ಅನೇಕರಿಗೆ ಸಿಗುವ ಸಲಹೆ ಒಂದೇ: ಬೀಡಿ ಸಿಗರೇಟು ಬಿಡಿ, ರಕ್ತದೊತ್ತಡವನ್ನು ಹತೋಟಿಯಲ್ಲಿಡಿ, ಆಗಾಗ ಬಂದು ಚಿತ್ರ ತೆಗೆಸಿಕೊಳ್ಳಿ. ತನ್ನ ತಲೆಯಲ್ಲೊಂದು ಗುಳ್ಳೆಯಿದೆ ಎಂದು ಗೊತ್ತಿದ್ದೂ ನೆಮ್ಮದಿಯಿಂದ ನಿದ್ದೆ ಮಾಡುವುದು ಸುಲಭವಲ್ಲ. ಆ ಧೈರ್ಯವನ್ನು ಯಾವ ಯಂತ್ರವೂ ಕೊಡಲಾರದು; ಅದನ್ನು ಮಾತಿನಿಂದ ಕೊಡಬೇಕಾದವನು ವೈದ್ಯನೇ.

ಎಡಿನ್‌ಬರೋದ ವಕೀಲರ ತಲೆಯನ್ನು ತೆರೆದಾಗ ಡಾಟನ ಬಳಿ ಇದ್ದದ್ದು ಲೆಕ್ಕಾಚಾರ ಮತ್ತು ಎದೆಗಾರಿಕೆ. ಇಂದು ಅಂಥದೇ ರೋಗಿ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಬಂದರೆ, ಕತ್ತಿ ಮುಟ್ಟುವ ಮೊದಲೇ ಗುಳ್ಳೆಯ ಜಾಗ, ಅಳತೆ, ದಿಕ್ಕು ಪರದೆಯ ಮೇಲಿರುತ್ತದೆ. ಆದರೆ ಈ ಸೌಲಭ್ಯ ಉಪಯೋಗಕ್ಕೆ ಬರುವುದು ರೋಗಿ ಸಮಯಕ್ಕೆ ಸರಿಯಾಗಿ ಬಂದಾಗ. ಹಿಂದೆಂದೂ ಕಾಣದಂಥ ತಲೆನೋವು ಹಠಾತ್ತನೆ ಹೊಡೆದರೆ ಅದನ್ನು ಪಿತ್ತವೆಂದೋ ಬಿಸಿಲಿನ ಝಳವೆಂದೋ ತಳ್ಳಿಹಾಕಿ, ಅಮೃತಾಂಜನ ಹಚ್ಚಿ ಮಲಗಿಸುವುದು ತಪ್ಪು. ಲಿಸ್ಬನ್ನಿನಿಂದ ಲಂಡನ್ನಿನವರೆಗೆ ಇಷ್ಟೊಂದು ಜನ ಸೇರಿ ಕಟ್ಟಿದ ಕಣ್ಣು ತೆರೆದುಕೊಂಡೇ ಇದೆ. ಅದರ ಮುಂದೆ ರೋಗಿಯನ್ನು ತಡಮಾಡದೆ ತಂದು ನಿಲ್ಲಿಸುವ ಕೆಲಸ ಮಾತ್ರ ಮನೆಯವರದು.